ವಿನಯಾ ಮೇಡಂ ಹೇಳಿಕೊಂಡ ಹರಕೆ

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಇದ್ದಿದ್ದರೆ ಕಿರಿಮಂಜೇಶ್ವರದ ವಿನಯಾ ಮೇಡಂ ಅದನ್ನು ಎಂದೋ ಜರ್ಮನಿಯಿಂದ ತರಿಸಿಕೊಳ್ಳುತ್ತಿದ್ದರು. ಆ ದೇಶದಿಂದ ಅವರಿಗೆ ಬಾರದ ವಸ್ತುವಿಲ್ಲ. ಚಾಕಲೇಟು, ಮಂಡಿನೋವಿನ ಮುಲಾಮು, ಉಣ್ಣೆಯ ಟೊಪ್ಪಿ, ಹಿಮದಲ್ಲಿ ನಿಂತು ತೆಗೆಸಿಕೊಂಡ ಫೋಟೋ, ಎಲ್ಲವೂ ಬರುತ್ತಿದ್ದವು. ಕಳಿಸುವವರು ಅವರ ಹತ್ತಿರ ಕಲಿತು ಹೋದ ನರ್ಸುಗಳು. ಬೈಂದೂರು, ಬ್ರಹ್ಮಾವರ ಕಡೆಯ ಹುಡುಗಿಯರು ನರ್ಸಿಂಗ್ ಮುಗಿಸಿ ಕುಂದಾಪುರದ ಭಾಷಾ ಕೇಂದ್ರಕ್ಕೆ ಬರುತ್ತಿದ್ದರು. ಮೇಡಂ ಎದುರು ಕೂತು ಜರ್ಮನ್ ಕಲಿತು, ಪರೀಕ್ಷೆ ಪಾಸಾಗಿ, ವಿಮಾನ ಹತ್ತುತ್ತಿದ್ದರು. ಮೇಡಂ ಸಂಜೆಯ ಬಸ್ಸು ಹತ್ತುತ್ತಿದ್ದರು.

ಹನ್ನೆರಡು ವರ್ಷ ಹೀಗೇ ನಡೆದಿತ್ತು. ಮುಂಬೈಯಲ್ಲಿ ಹುಟ್ಟಿ, ಅಲ್ಲೇ ಜರ್ಮನ್ ಕಲಿತು, ಮೀನಿನ ಲಾರಿ ಓಡಿಸುವ ಸುಧಾಕರನನ್ನು ಮದುವೆಯಾಗಿ ಊರಿಗೆ ಬಂದವರು ಮೇಡಂ. ಆ ದೇಶದ ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆ, ಅಲ್ಲಿನ ಮುದುಕರು ಬೆಳಿಗ್ಗೆ ಎಂಥ ಬ್ರೆಡ್ ತಿನ್ನುತ್ತಾರೆ, ಕಸವನ್ನು ಯಾವ ಬಣ್ಣದ ಡಬ್ಬಿಗೆ ಹಾಕಬೇಕು, ಎಲ್ಲ ಅವರ ಬಾಯಲ್ಲಿತ್ತು. ಕಣ್ಣಲ್ಲಿ ಮಾತ್ರ ಏನೂ ಇರಲಿಲ್ಲ. ಈಜು ಬಾರದವರು ದಡದಲ್ಲಿ ನಿಂತು ಈಜು ಕಲಿಸಿದಂತೆ ಎಂದು ಅವರೇ ಒಮ್ಮೊಮ್ಮೆ ತಮ್ಮನ್ನು ಬೈದುಕೊಳ್ಳುತ್ತಿದ್ದರು. ಬೇರೆಯವರು ಹಾಗಂದಿದ್ದರೆ ಅವರ ಕಥೆ ಮುಗಿಯುತ್ತಿತ್ತು.

ಭಾಷೆ ಕಲಿಸುವವರೂ ಆಗಾಗ ಕಲಿಯುತ್ತಿರಬೇಕು ಎಂಬುದು ಆ ಕಸುಬಿನ ನಿಯಮ. ಮೇಡಂಗೆ ಸಿಕ್ಕಿದ ತರಬೇತಿಯೆಲ್ಲ ಮೊಬೈಲಿನೊಳಗಿನದು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಮೇಲೆ ಮಾತ್ರ. ಅಲ್ಲಿ ಕೂತು ಕಿವಿಗೆ ವಯರು ಸಿಕ್ಕಿಸಿಕೊಂಡರೆ, ಆ ಕಡೆಯ ತರಬೇತುದಾರ ಮುಖ್ಯವಾದ ಮಾತಿಗೆ ಬಾಯಿ ತೆರೆದವನು ತೆರೆದಂತೆಯೇ ನಿಂತುಬಿಡುತ್ತಿದ್ದ. ಅತ್ತೆ ನಾಗು ನೀರು ಸೇದಲು ಬಂದು, “ಪಾಪ, ಅವನಿಗೆ ಎಂತ ಆಯ್ತ್?” ಎಂದು ಕೇಳುತ್ತಿದ್ದರು.

ಇಂಥದ್ದರಲ್ಲಿ ಕಳೆದ ವರ್ಷ ನಿಜವಾದ ತರಬೇತಿಯೇ ಬಂತು. ಲೈಪ್ಜಿಗ್ ನಗರದಲ್ಲಿ ಮೂರು ವಾರ. ಅಲ್ಲಿನ ಶಾಲೆಗಳಲ್ಲಿ ಕೂತು ಪಾಠ ನೋಡುವುದು, ಅಲ್ಲಿನವರ ಮನೆಯಲ್ಲೇ ಇರುವುದು. ಖರ್ಚೆಲ್ಲ ತರಬೇತಿ ಕೊಡುವವರದೇ. ಕೇಂದ್ರಕ್ಕೆ ಒಂದೇ ಸೀಟು. ಕೇಂದ್ರದ ಯಜಮಾನ ಉಮಾನಾಥ ಸರ್ ಯಾರ ನಿಷ್ಠುರವನ್ನೂ ಕಟ್ಟಿಕೊಳ್ಳುವವರಲ್ಲ. “ಇಬ್ರೂ ಅರ್ಜಿ ಹಾಕಿ. ಅವ್ರೇ ಆರಿಸ್ಕಣ್ಲಿ” ಎಂದು ಕೈ ತೊಳೆದುಕೊಂಡರು.

ಇಬ್ಬರು ಎಂದರೆ ಮೇಡಂ ಮತ್ತು ದೀಕ್ಷಾ. ಸಾಸ್ತಾನದ ಈ ಹುಡುಗಿ ನರ್ಸಾಗಲು ಬಂದು, ಭಾಷೆಯ ರುಚಿ ಹತ್ತಿ, ಅಲ್ಲೇ ಟೀಚರಾಗಿ ನಿಂತವಳು. ಮೊದಲ ಅಕ್ಷರದಿಂದ ಕಲಿಸಿದವರು ಮೇಡಂ. ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ಉಮಾನಾಥ ಸರ್‌ಗೆ ಹೇಳಿದವರೂ ಮೇಡಂ. ಎರಡು ವರ್ಷ ಆಗಿತ್ತೋ ಇಲ್ಲವೋ, ಅವಳ ಕ್ಲಾಸಿನಿಂದ ನಗು ಕೇಳತೊಡಗಿತು. ಗೋಡೆಯ ಈಚೆ ಮೇಡಂ ಕ್ಲಾಸಿನ ಹುಡುಗಿಯರು ಪಾಠ ಬಿಟ್ಟು ಆ ನಗುವಿಗೆ ಕಿವಿ ಕೊಡುತ್ತಿದ್ದರು. ಮೇಡಂ ಕಿಟಕಿ ಮುಚ್ಚಿಸಿದರು. ನಗುವಿಗೇನು, ಬಾಗಿಲಿನಿಂದ ಬಂತು.

ಆನ್‌ಲೈನಿನಲ್ಲಿ ಸಂದರ್ಶನ ಆಯಿತು. ದೀಕ್ಷಾ ಆಯ್ಕೆಯಾದಳು. ಅವಳು ಹೋಗದಿದ್ದರೆ ವಿನಯಾ ಎಂದು ಅವಳ ಹೆಸರಿನ ಕೆಳಗೆ ಬರೆದಿದ್ದರು.

ಬೇರೆ ಯಾರಿಗಾದರೂ ಸಿಕ್ಕಿದ್ದರೆ ಮೇಡಂ ತಡೆದುಕೊಳ್ಳುತ್ತಿದ್ದರು. ಬೆಂಗಳೂರಿನ, ಮಂಗಳೂರಿನ ಯಾರೋ ಆಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ತಾನು ಕೈಹಿಡಿದು ತಿದ್ದಿಸಿದವಳು! ಹೊಟ್ಟೆ ಉರಿಯಿತು. ಸುಮ್ಮನೆ ಮಾತಿಗಲ್ಲ, ನಿಜವಾಗಿಯೂ ಉರಿಯಿತು. ದೀಕ್ಷಾ ಎಲ್ಲರಿಗೂ ಗೋಳಿಬಜೆ ತಂದು ಹಂಚಿದಳು. “ಮೇಡಂ, ನಿಮ್ಮಿಂದ್ಲೇ ಆದ್ದ್ ಇದ್” ಎಂದು ಕಾಲಿಗೆ ಬೇರೆ ಬಿದ್ದಳು. ಮೇಡಂ ನಗುತ್ತಾ ತಲೆ ಮುಟ್ಟಿದರು. ಕಾಲಿಗೆ ಬೀಳುವುದಕ್ಕೂ ಇವಳಿಗೆ ಎಷ್ಟು ಚೆಂದ ಬರುತ್ತದೆ ಎಂದು ಅದಕ್ಕೂ ಹೊಟ್ಟೆಕಿಚ್ಚಾಯಿತು.

ಆ ಸಂಜೆ ಬಸ್ಸಿಳಿದು ಮನೆ ಕಡೆ ನಡೆದರೆ ದಾರಿಯಲ್ಲಿ ಬೊಬ್ಬರ್ಯನ ಗುಡಿ. ಕಡಲಿಗೆ ಇಳಿಯುವ ಮನೆಗಳೆಲ್ಲ ನಂಬಿದ ದೈವ ಅದು. ಮುಂಬೈಯಲ್ಲಿ ಬೆಳೆದ ಮೇಡಂ ಅಲ್ಲಿಗೆ ಬಂದರೆ ಅತ್ತೆಯ ಹಿಂದೆ ನಿಂತು ಕೈಮುಗಿಯುವುದಷ್ಟೇ. ಅಂದು ಒಬ್ಬರೇ ನಿಂತರು. ಚಪ್ಪಲಿ ಬಿಟ್ಟರು.

‘ಆ ಹುಡುಗಿ ಆ ಮೂರು ವಾರಕ್ಕೆ ಹೋಗದ ಹಾಗೆ ಮಾಡು, ಸ್ವಾಮಿ. ನಿನಗೆ ಹೂವಿನ ಪೂಜೆ ಕೊಡುತ್ತೇನೆ.’

ನನಗೆ ಸಿಗಲಿ ಎಂದಾದರೂ ಕೇಳಬಹುದಿತ್ತು. ಅದು ಬಾಯಿಗೇ ಬರಲಿಲ್ಲ. ಹೊಟ್ಟೆಕಿಚ್ಚಿನ ಸ್ವಭಾವವೇ ಅದು, ತನ್ನ ಎಲೆಗಿಂತ ಪಕ್ಕದ ಎಲೆಯ ಮೇಲೆ ಕಣ್ಣು.

ಗುಡಿಯ ಹಿಂದೆ ತೆಂಗಿನ ಗರಿ ಹೆಕ್ಕುತ್ತಿದ್ದ ಪಾತ್ರಿ ಚಂದಯ್ಯ ಅವರನ್ನು ನೋಡಿದ್ದ. ದೈವದ ಸೇವೆ ಮಾಡುವವನು ಅವನೇ. ಮನಸ್ಸಿನಲ್ಲಿ ಹೇಳಿಕೊಂಡದ್ದು ಅವನಿಗೆ ಕೇಳಿಸಲಿಲ್ಲ, ಆದರೆ ಹರಕೆ ಹೇಳಿಕೊಳ್ಳುವವರ ಮುಖ ಅವನಿಗೆ ಗೊತ್ತು. ಮರುದಿನವೇ ನಾಗು ಅವರ ಕಿವಿಗೆ ಹಾಕಿದ: “ನಿಮ್ ಸೊಸಿ ಹರ್ಕಿ ಹೇಳ್ಕಂಡಾಂಗ್ ಇತ್ತ್.”

ಸೊಸೆಗೆ ಭಕ್ತಿ ಬಂತೆಂದು ನಾಗು ಹಿಗ್ಗಿದರು. ಮೇಡಂಗೆ ಮಾತ್ರ ಆಗ ನೆನಪಾಯಿತು, ಆ ಗುಡಿಯಲ್ಲಿ ಒಂದು ಕಟ್ಟಳೆ ಇದೆ. ಹರಕೆ ಸಲ್ಲಿಸುವ ದಿನ ಅದನ್ನು ಯಾವುದಕ್ಕಾಗಿ ಹೇಳಿಕೊಂಡದ್ದು ಎಂದು ದೈವದೆದುರು, ನೆರೆದವರೆದುರು, ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಹೂವು ಏರುವುದಿಲ್ಲ, ಸುಳ್ಳು ಹೇಳಿದರೆ ಹರಕೆ ತೀರುವುದಿಲ್ಲ. ಹಿಂದೊಮ್ಮೆ ದುಗ್ಗಪ್ಪ ಎಂಬವರು ಪಕ್ಕದ ಮನೆ ರಾಮನ ಬಲೆಗೆ ಮೀನು ಬೀಳದಿರಲಿ ಎಂದು ಹರಕೆ ಹೇಳಿಕೊಂಡಿದ್ದರು. ಮೀನು ಬೀಳಲಿಲ್ಲ. ಹರಕೆ ಸಲ್ಲಿಸುವ ದಿನ ಅದನ್ನು ಹೇಳಲೇಬೇಕಾಯಿತು, ರಾಮನೂ ಅಲ್ಲೇ ಇದ್ದ. ಇವತ್ತಿಗೂ ಆ ಎರಡು ಮನೆಗಳ ನಡುವೆ ಮಾತಿಲ್ಲ.

ಹರಕೆ ಫಲಿಸಿದರೆ ತಾನೇ ಸಲ್ಲಿಸುವುದು ಎಂದು ಮೇಡಂ ಸಮಾಧಾನ ಮಾಡಿಕೊಂಡರು. ವೀಸಾದ ಮಾತು, ಸೂಟ್‌ಕೇಸಿನ ಮಾತು ದೀಕ್ಷಾಳ ಬಾಯಲ್ಲಿ ದಿನವೂ ಇತ್ತು. ಫಲಿಸುವ ಲಕ್ಷಣ ಕಾಣಲಿಲ್ಲ.

ಫಲಿಸಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ದೀಕ್ಷಾ ಓಡಿ ಬಂದಳು. “ಮೇಡಂ, ನಾನ್ ಲೈಪ್ಜಿಗ್‌ಗೆ ಹೋತಿಲ್ಲೆ. ನೀವ್ ಹೋಯ್ಕ್. ಸೀಟ್ ನಿಮ್ಗೇ ಬತ್ತ್!”

ಮೇಡಂ ಎದೆ ಹಾರಿತು. ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. “ಎಂತಕ್ಕೆ? ಎಂತ ಆಯ್ತ್?”

“ನಂಗೆ ಬೇರೆ ಸಿಕ್ತ್. ಅಲ್ಲೇ ಒಂದ್ ಶಾಲೆಯಂಗೆ ಸಹಾಯಕ ಟೀಚರ್. ಹತ್ತ್ ತಿಂಗ್ಳ್. ಸಂಬಳನೂ ಕೊಡ್ತ್ರ್. ಸುಮ್ನೆ ಕಾಂಬ ಅಂದೇಳಿ ಅರ್ಜಿ ಹಾಕಿದ್ದೆ, ಮೇಡಂ.”

ಎದೆ ಎಷ್ಟು ಎತ್ತರ ಹಾರಿತ್ತೋ ಅಷ್ಟೇ ಆಳಕ್ಕೆ ಬಿತ್ತು. ಹನ್ನೆರಡು ವರ್ಷ ಬಯಸಿದ್ದು ಕೈಗೆ ಬಂದಿತ್ತು, ಇನ್ನೊಬ್ಬಳು ತಿಂದು ಬಿಟ್ಟ ಎಲೆಯ ಹಾಗೆ. ಮೂರು ವಾರ! ಮೂರು ವಾರವೆಂದರೆ ಏನು, ಚಳಿ ಹಿಡಿದು ನೆಗಡಿ ಬಂದು ಅದು ವಾಸಿಯಾಗುವ ಹೊತ್ತಿಗೆ ವಾಪಸು ಹೊರಡಬೇಕು. ನಿನ್ನೆಯವರೆಗೆ ಅದಕ್ಕಾಗಿ ಸಾಯುತ್ತಿದ್ದವರಿಗೆ ಅದು ಇಂದು ಹೀಗೆ ಕಂಡಿತು. ದೈವ ಕೇಳಿದ್ದನ್ನು ಕೇಳಿದಂತೆಯೇ ಕೊಟ್ಟಿತ್ತು, ಯಾರನ್ನು ದೂರುವುದು?

ಮನೆಯಲ್ಲಿ ಸುಧಾಕರ ಲಾರಿಯವರಿಗೆಲ್ಲ ಫೋನು ಮಾಡಿ ಹೇಳಿದ. ನಾಗು ನೇರ ವಿಷಯಕ್ಕೆ ಬಂದರು. “ಹೆಣೆ, ಹರ್ಕಿ ಬಾಕಿ ಇಟ್ಕಂಡ್ ಕಡ್ಲ್ ದಾಟುಕಾಗ. ಹೋಪುಕ್ ಮುಂಚೆ ಪೂಜಿ ಮುಗ್ಸ್ಕ್.”

“ಬಂದ್ ಮೇಲೆ ಮಾಡ್ವ, ಅತ್ತೆ.”

“ಎಂತ ಮಾತಾಡ್ತೆ ನೀನ್? ನಮ್ ಮನಿ ಗಂಡಸ್ರ್ ದೋಣಿ ಹತ್ತುಕ್ ಮುಂಚೆ ಬಾಕಿ ಇಟ್ಟದ್ದ್ ಇಲ್ಲೆ. ನೀನ್ ವಿಮಾನ ಹತ್ತವ್ಳ್.”

ಅಲ್ಲಿಗೆ ಆ ಮಾತು ಮುಗಿಯಿತು. ದೀಕ್ಷಾಳಿಗೆ ಪೂಜೆಯ ಸುದ್ದಿ ಕೊಟ್ಟವನು ಸುಧಾಕರ. ಹೆಂಡತಿಗೆ ಖುಷಿಯಾಗಲಿ ಎಂದು ಕೊಟ್ಟ. ಗಂಡಸರ ಒಳ್ಳೆಯತನಕ್ಕೆ ಒಂದು ಹೊತ್ತು ಗೊತ್ತಿಲ್ಲ.

ಪೂಜೆಯ ದಿನ ಬೆಳಿಗ್ಗೆ ದೀಕ್ಷಾ ಸಾಸ್ತಾನದಿಂದ ಸ್ಕೂಟರಿನಲ್ಲಿ ಬಂದಿಳಿದಳು. ಬುಟ್ಟಿ ತುಂಬಾ ಅಬ್ಬಲಿಗೆ ಹೂ, ಅಡಿಕೆಯ ಸಿಂಗಾರ. “ನಮ್ ತೋಟದ್, ಮೇಡಂ” ಎಂದಳು. ತನ್ನ ವಿರುದ್ಧ ಹೇಳಿದ ಹರಕೆಗೆ ತಾನೇ ಹೂ ಹೊತ್ತು ತಂದಿದ್ದಳು. ಮೇಡಂ ಬುಟ್ಟಿ ಇಸಿದುಕೊಂಡರು. ಬಿಸಿಯಾದ ಪಾತ್ರೆ ಹಿಡಿದ ಹಾಗಾಯಿತು.

ಗುಡಿಯ ಅಂಗಳದಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಚಂದಯ್ಯ ಮಿಂದು ಕೆಂಪು ಪಟ್ಟೆ ಉಟ್ಟು ನಿಂತಿದ್ದ. ಹೂವನ್ನು ಬಾಳೆ ಎಲೆಯ ಮೇಲೆ ಹರಡಿ, ತೆಂಗಿನಕಾಯಿ ಕೈಗೆ ತೆಗೆದುಕೊಂಡು ಮೇಡಂ ಕಡೆ ತಿರುಗಿದ.

“ಎಂತಕ್ಕೆ ಹೇಳ್ದ ಹರ್ಕಿ ಅಂದೇಳಿ ಬಾಯ್ ಬಿಟ್ ಹೇಳ್ಕ್, ಅಮ್ಮ.”

ಅತ್ತ ದರಿ ಇತ್ತ ಪುಲಿ. ನಿಜ ಹೇಳಿದರೆ ಈ ಓಣಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಅತ್ತೆಯ ಮುಖ, ಗಂಡನ ಮುಖ, ಕೇಂದ್ರದಲ್ಲಿ ಕಟ್ಟಿಕೊಂಡ ಹೆಸರು, ಎಲ್ಲ ಒಂದೇ ಮಾತಿಗೆ ಮಣ್ಣು. ಸುಳ್ಳು ಹೇಳಿದರೆ? ಮುಂಬೈಯಲ್ಲಿ ಬೆಳೆದಿದ್ದರೂ ಬೊಬ್ಬರ್ಯನೆದುರು ಸುಳ್ಳು ಹೇಳಿ ಕಡಲು ದಾಟುವ ಧೈರ್ಯ ಅವರಿಗೆ ಇರಲಿಲ್ಲ. ಎಲ್ಲರ ಕಣ್ಣೂ ಅವರ ಮೇಲಿತ್ತು. ದೀಕ್ಷಾ ಪಕ್ಕದಲ್ಲೇ ಇದ್ದಳು.

ಮೇಡಂ ಕಣ್ಣು ಮುಚ್ಚಿ ಜರ್ಮನ್‌ನಲ್ಲಿ ಹೇಳಿದರು.

“ನನ್ನ ಪಕ್ಕದಲ್ಲಿರುವ ಈ ಹುಡುಗಿ ಆ ಮೂರು ವಾರದ ತರಬೇತಿಗೆ ಹೋಗಬಾರದೆಂದು ಕೇಳಿಕೊಂಡೆ. ಇವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ, ಈಗಲೂ ಉರಿಯುತ್ತಿದೆ.”

ಅಂಗಳದಲ್ಲಿ ಆ ಮಾತು ತಿಳಿಯುವ ಕಿವಿ ಎರಡೇ ಇದ್ದವು. ಅವು ದೀಕ್ಷಾಳವು. ಅದು ಮೇಡಂಗೂ ಗೊತ್ತಿತ್ತು. ಊರಿಗೆಲ್ಲ ತಿಳಿಯುವ ಬದಲು ಅವಳೊಬ್ಬಳಿಗೆ ತಿಳಿಯಲಿ ಎಂದು ಆ ಗಳಿಗೆಯಲ್ಲಿ ಅವರು ಆರಿಸಿಕೊಂಡಿದ್ದರು. ಕಣ್ಣು ಬಿಟ್ಟು ಅವಳ ಕಡೆ ನೋಡಲಿಲ್ಲ.

ಹೆಂಗಸರು ಮುಖ ಮುಖ ನೋಡಿಕೊಂಡರು. ಸುಧಾಕರ, “ಇದೆಂತ ಮಾರಾಯ್ತಿ, ಇಲ್ಲೂ ಕ್ಲಾಸ್ ಶುರು ಮಾಡ್ದ್ಯಾ?” ಎಂದ. ನಾಗು ಮಾತ್ರ ಗಂಭೀರವಾಗಿ, “ಬೊಬ್ಬರ್ಯ ಹಡ್ಗಂಗೆ ತಿರ್ಗಿದವ. ಅವ್ನಿಗೆ ಎಲ್ಲಾ ಭಾಷಿ ಬತ್ತ್” ಎಂದರು.

“ಅವ್ನಿಗೆ ಬತ್ತ್, ನಂಗೆ ಬತ್ತಿಲ್ಲೆ” ಎಂದ ಚಂದಯ್ಯ. “ನಂಗೆ ತಿಳೀದೆ ನಾನ್ ಹೂಗ್ ಏರ್ಸುದ್ ಹ್ಯಾಂಗೆ? ಹ್ವಾಯ್ ಹೆಣೆ, ನಿಂಗ್ ಬತ್ತಲ್ದಾ ಆ ಭಾಷಿ? ನಿಮ್ ಮೇಡಂ ಹೇಳದ್ದ್ ಎಂತ, ನೀನೇ ಹೇಳ್. ದೈವದ್ ಎದ್ರ್ ಸುಳ್ ಹೇಳುಕಾಗ, ನೆನಪಿರ್ಲಿ.”

ಮೇಡಂ ಇದನ್ನು ಯೋಚಿಸಿರಲಿಲ್ಲ. ಈಗ ಓಡಲೂ ಆಗದು, ಅವಳ ಬಾಯಿ ಮುಚ್ಚಿಸಲೂ ಆಗದು. ದೀಕ್ಷಾ ಹೂವನ್ನು ನೋಡಿದಳು, ಒಮ್ಮೆ ಮೇಡಂ ಮುಖ ನೋಡಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ನಾನ್ ಆ ಮೂರ್ ವಾರದ್ ತರಬೇತಿಗೆ ಹೋಪುದ್ ಬ್ಯಾಡ ಅಂದೇಳಿ ಮೇಡಂ ಕೇಂಡ್ಕಂಡಿರ್.” ನಾಗು ಅವರ ಕಡೆ ತಿರುಗಿದಳು. “ನಾನ್ ಹೋತಿಲ್ಲೆ. ನಂಗೆ ಅಲ್ಲೇ ಹತ್ತ್ ತಿಂಗ್ಳದ್ ಕೆಲ್ಸ ಸಿಕ್ತ್.”

ನಾಗು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಕೇಂಡ್ರ್ಯಾ? ತನ್ಗ್ ಬೇಕ್ ಅಂದೇಳಿ ಕೇಂಡದ್ದಲ್ಲ ನನ್ ಸೊಸಿ. ಆ ಹೆಣ್ಣಿಗೆ ದೊಡ್ಡದ್ ಸಿಕ್ಲಿ ಅಂದೇಳಿ ಹರ್ಕಿ ಹೊತ್ತದ್!” ಹೆಂಗಸರು ಅಯ್ಯೋ, ಇಂಥ ಗುರು ಯಾರಿಗೆ ಸಿಗುತ್ತಾರೆ ಎಂದು ತಲೆದೂಗಿದರು. ಸುಧಾಕರ ಹೆಂಡತಿಯ ಕಡೆ ನೋಡಿದ ರೀತಿಯಲ್ಲಿ ಮದುವೆಯ ದಿನವೂ ನೋಡಿರಲಿಲ್ಲ. ಚಂದಯ್ಯ ಕಾಯಿ ಒಡೆದ, ಹೂವು ಏರಿಸಿದ.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹುಡುಗಿ ಒಂದು ಸುಳ್ಳೂ ಹೇಳಿರಲಿಲ್ಲ.

ಗಂಟೆಯ ಸದ್ದಿನ ನಡುವೆ ದೀಕ್ಷಾ ಬಗ್ಗಿ ಮೇಡಂ ಕಿವಿಯಲ್ಲಿ ಜರ್ಮನ್‌ನಲ್ಲಿ, “ನೀವು ಹೇಳಿದ ಎರಡನೆಯ ಮಾತನ್ನು ನನಗೇ ಇಟ್ಟುಕೊಂಡಿದ್ದೇನೆ” ಎಂದಳು. ದನಿ ನಡುಗುತ್ತಿತ್ತು. ಸಿಟ್ಟಿಗೋ ದುಃಖಕ್ಕೋ ಮೇಡಂಗೆ ತಿಳಿಯಲಿಲ್ಲ. ಅವಳು ಪ್ರಸಾದದ ಹೂವು ತೆಗೆದುಕೊಂಡು ಹೆಂಗಸರಿಗೆ ಹಂಚಲು ಹೋದಳು.

ಮೇಡಂ ಕೈಮುಗಿದೇ ನಿಂತಿದ್ದರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದು ನಿಂತದ್ದು ಹಳೆಯ ಉರಿಯೇ. ಕಲಿಸಿದವರು ತಾವು. ಅಷ್ಟು ಜನರೆದುರು, ಅಂಥ ಮಾತು ಕೇಳಿದ ಮೇಲೂ, ಹೀಗೆ ಹೇಳಲು ತಮ್ಮಿಂದ ಆಗುತ್ತಿರಲಿಲ್ಲ. ಅವಳಿಗೆ ಬರುವ ಜರ್ಮನ್ ಎಲ್ಲ ತಮ್ಮ ಹತ್ತಿರ ಕಲಿತದ್ದು, ಇದನ್ನು ಮಾತ್ರ ಅವರು ಕಲಿಸಿರಲಿಲ್ಲ.