ಪಾಚಿ ನೀರು

"ಕಹಕಶಾನ್, ಈಗ ನೋಡಮ್ಮ ಬಣ್ಣ ಬಂತು ನಿನ್ನ ಮಾಚಾಗೆ! ಗಿಳಿಹಸಿರು!"

ಕಾಲೇಜಿನ ಇಂದಿರ ಮೇಡಂ ಫೋನಿನಲ್ಲಿ ಹೀಗೆಂದಾಗ ಹಿಗ್ಗಿದೆ. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಮ್ಮ ರಘುನಂದನ್ ನಿಶ್ಚಿತಾರ್ಥ ಶ್ರೀರಂಗಪಟ್ಟಣದ ಛತ್ರದಲ್ಲಿ. ಬಂದೋರಿಗೆಲ್ಲ ಕೂಲ್‌ಡ್ರಿಂಕ್ಸ್ ಬದ್ಲು ನಿನ್ನ ಮಾಚಾನೇ ಕೊಡೋಣ ಅಂತಿದೀನಿ. ಇದೇ ಬಣ್ಣ ಇರ್ಬೇಕು, ಗೊತ್ತಾಯ್ತಾ?"

ಕೆ.ಆರ್. ಪೇಟೆಯ ಒಂದು ಓಣಿಯ ಅಡುಗೆಮನೆಯಲ್ಲಿ ಶುರುವಾದ ನನ್ನ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಬಾಗಿಲು ತೆರೆಯುವುದು ಸಾಧ್ಯವಿರಲಿಲ್ಲ. ರಘುನಂದನ್ ಮೇಡಂ ಅವರ ಅಣ್ಣನ ಮಗ. ಅವರ ಬಳಗ ಮೈಸೂರಿನ ತನಕ ಹಬ್ಬಿದೆ. ಆ ಛತ್ರದಲ್ಲಿ ಒಂದು ದಿನ ನನ್ನ ಬಾಟಲಿ ಕೈಯಿಂದ ಕೈಗೆ ಹೋದರೆ ಸಾಕಿತ್ತು.

ಫೋನ್ ಇಟ್ಟ ಮೇಲೆ ಹಿಗ್ಗು ಇಳಿಯಿತು. ನಾನು ಏನನ್ನೂ ಬದಲಾಯಿಸಿರಲಿಲ್ಲ. ಅದೇ ಪುಡಿ, ಅದೇ ಹಾಲು, ಅದೇ ಬೆಲ್ಲ. ಬಣ್ಣ ಮಾತ್ರ ತಾನಾಗಿ ಹೇಗೆ ಬದಲಾಯಿತು?

ಮಾಚಾ ಎಂದರೆ ನೆರಳಿನಲ್ಲಿ ಬೆಳೆಸಿ ನುಣ್ಣಗೆ ಬೀಸಿದ ಹಸಿರು ಟೀ ಎಲೆ. ಪುಡಿ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರುತ್ತದೆ. ಅದನ್ನು ಕಡೆಯಲು ಬಿದಿರಿನ ಸಣ್ಣ ಕುಂಚ ಬೇಕಂತೆ. ಅದರ ಬೆಲೆ ನೋಡಿ ಅಮ್ಮಿಯ ಮಜ್ಜಿಗೆ ಕಡೆಗೋಲನ್ನೇ ತೊಳೆದು ಇಟ್ಟುಕೊಂಡೆ. ಹಳೆಯ ಫ್ರಿಜ್ಜು, ಥರ್ಮಾಕೋಲ್ ಪೆಟ್ಟಿಗೆ, ಗಿರಾಕಿಗಳು ಹಿಂದಿರುಗಿಸಬೇಕಾದ ಗಾಜಿನ ಬಾಟಲಿಗಳು, ಬಾಟಲಿ ಹೊತ್ತು ತಿರುಗಲು ಅಬ್ಬಾ ಮತ್ತು ಅವರ ಮೊಪೆಡ್ಡು. ಬಂಡವಾಳ ಅಷ್ಟೇ.

ಸಕ್ಕರೆಯ ಬದಲು ಪಾಂಡವಪುರದ ಬೆಲ್ಲ ಹಾಕುತ್ತಿದ್ದೆ. ಹೊಳೆಯುವ ಹಳದಿ ಅಚ್ಚು ಬೇಡ, ಬಿಳುಪು ಮಾಡದ ಕಪ್ಪು ಬೆಲ್ಲ ಕೊಡಿ ಎಂದಾಗ ಆಲೆಮನೆಯವನು ನಕ್ಕಿದ್ದ. ಆ ಬೆಲ್ಲ ಸೇರಿದರೆ ಮಾಚಾ ಮಂಕಾಗುತ್ತದೆ. ಗಂಟೆಗಳು ಕಳೆದರೆ ಇನ್ನಷ್ಟು ಮಂಕಾಗುತ್ತದೆ. ಎಲೆಯ ಹಸಿರಿನ ಗುಣವೇ ಅದು. ಕುದಿಸಿದ ಸೊಪ್ಪು ಕಂದಾಗುವುದಿಲ್ಲವೇ? ನನಗೆ ಅದು ತಪ್ಪಾಗಿ ಕಂಡಿರಲಿಲ್ಲ. ಪ್ರತಿ ಬಾಟಲಿಗೂ ಒಂದು ಚೀಟಿ ಅಂಟಿಸಿ, ನನ್ನ ಕೈಯಲ್ಲೇ ಬರೆಯುತ್ತಿದ್ದೆ: 'ಬಣ್ಣ ಸೇರಿಸಿಲ್ಲ.'

ಮಧ್ಯಾಹ್ನ ವಾಪಸ್ಸು ಬಂದ ಬಾಟಲಿಗಳನ್ನು ತೊಳೆಯಲು ಕೂತೆ. ಮುಚ್ಚಳದೊಳಗೆ ಬಿಳಿ ರಬ್ಬರಿನ ಬಳೆ ಇರುತ್ತದೆ. ಮಾಚಾ ಅಂಟಿದ್ದರೆ ಬೆರಳು ಆಡಿಸಿದರೆ ಸಾಕು, ಹೋಗುತ್ತದೆ. ಇದು ಹೋಗಲಿಲ್ಲ. ಸೋಪು ಹಾಕಿ ಉಜ್ಜಿದೆ. ಬಳೆ ಗಿಳಿಹಸಿರಾಗಿಯೇ ಉಳಿಯಿತು. ಒಂದು ಬಾಟಲಿಯ ತಳದಲ್ಲಿ ಸ್ವಲ್ಪ ಮಾಚಾ ಮಿಕ್ಕಿತ್ತು. ಬಿಳಿ ಬಟ್ಟೆಯ ಮೇಲೆ ಅದನ್ನು ಸುರಿದು ನೋಡಿದೆ. ಪುಡಿ ನಡುವೆ ಕೂತಿತು. ಹಸಿರು ನೀರು ಅದನ್ನು ಅಲ್ಲೇ ಬಿಟ್ಟು ಬಟ್ಟೆಯ ಅಂಚಿನವರೆಗೆ ಹರಡಿಕೊಂಡಿತು.

ಎಲೆಯ ಹಸಿರು ನೀರಿಗೆ ಬಿಡುವುದಿಲ್ಲ. ಅದನ್ನು ತೆಗೆಯಬೇಕಾದರೆ ಸ್ಪಿರಿಟ್ಟಿನಲ್ಲಿ ಕುದಿಸಬೇಕು. ಪಿಯುಸಿಯಲ್ಲಿ ದಾಸವಾಳದ ಎಲೆ ಇಟ್ಟು ಇದನ್ನು ನನಗೆ ತೋರಿಸಿಕೊಟ್ಟವರು ಇದೇ ಇಂದಿರ ಮೇಡಂ.

ನಾನು ಮುಚ್ಚಳ ಹಾಕಿದ ಮೇಲೆ ಆ ಬಾಟಲಿಗಳನ್ನು ಮುಟ್ಟುತ್ತಿದ್ದವರು ಒಬ್ಬರೇ.

ಅಬ್ಬಾ, ಅಂದರೆ ಅಬ್ದುಲ್ ವಾಹಿದ್, ಮದುವೆಗಳಿಗೆ ಅಡುಗೆ ಮಾಡುವವರು. ನಾಗಮಂಗಲದವರೆಗೂ ಅವರ ಜರ್ದಾಕ್ಕೆ ಹೆಸರಿದೆ. ಆ ಸಿಹಿ ಅನ್ನ ಕೇಸರಿಯಾಗಿ, ನಡುವೆ ಅಲ್ಲೊಂದು ಇಲ್ಲೊಂದು ಹಸಿರು ಅಗುಳು ಬರುವಂತೆ ಅವರು ಬಣ್ಣ ಬಿಡುವುದನ್ನು ನೋಡಲೆಂದೇ ಜನ ಒಲೆಯ ಸುತ್ತ ನಿಲ್ಲುತ್ತಾರೆ. ಮದುವೆ ಇಲ್ಲದ ದಿನಗಳಲ್ಲಿ ನನ್ನ ಬಾಟಲಿ ಹೊರುತ್ತಿದ್ದರು.

ಊಟಕ್ಕೆ ಕೂತಿದ್ದವರ ತಟ್ಟೆಯ ಪಕ್ಕ ರಬ್ಬರಿನ ಬಳೆ ಇಟ್ಟೆ. ನಮ್ಮ ಮನೆಮಾತು ಉರ್ದು. ಜಗಳ ಜೋರಾದರೆ ಮಾತ್ರ ಕನ್ನಡಕ್ಕೆ ಬರುತ್ತೇವೆ, ಓಣಿಯವರಿಗೂ ನ್ಯಾಯ ತಿಳಿಯಲಿ ಎಂಬಂತೆ. ಅಂದು ಕನ್ನಡದಲ್ಲೇ ಶುರುವಾಯಿತು.

"ಇದೇನಬ್ಬಾ?"

"ರಬ್ಬರು."

"ಬಣ್ಣ ಎಲ್ಲಿಂದ ಬಂತು?"

"ನಿನ್ ಮಾಚಾನೇ ಅಸ್ರಲ್ವಾ."

"ನನ್ ಮಾಚಾ ತೊಳುದ್ರೆ ಓಯ್ತದೆ. ಇದು ಓಗ್ತಿಲ್ಲ."

ಅಬ್ಬಾ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. "ಆ ಬೇವಿನ ಮರದ ತಾವ ಗಾಡಿ ನಿಲ್ಸಿ ಬಾಟ್ಲಿಗೊಂದ್ ತೊಟ್ಟು ಆಕ್ದೆ. ಕುಲುಕ್ದೆ. ಏನೀಗ?"

ಅಮ್ಮಿ ಒಳಗಿನಿಂದ, "ಊಟ ಮುಗೀಲಿ ಬೇಟಿ" ಎಂದರು. ಅವರ ದನಿಯಲ್ಲೇ ತಿಳಿಯಿತು, ಅವರಿಗೂ ಗೊತ್ತಿತ್ತು.

"ಏನೀಗ ಅಂತೀರಾ? ಬಣ್ಣ ಸೇರಿಸಿಲ್ಲ ಅಂತ ನಾನ್ ಬರ್ದಿದೀನಿ! ನನ್ ಕೈಯಾರೆ ಬರ್ದಿದೀನಿ! ನನ್ನ ಸುಳ್ಳಿ ಮಾಡ್ಬುಟ್ರಲ್ಲ!"

"ಬರ್ದಿರೋದ್ನ ಯಾವೋನ್ ಓದ್ತಾನೆ? ಬಣ್ಣ ಅಂದ್ರೆ ಮೋಸ ಅಲ್ಲ, ಮರ್ಯಾದೆ. ಮದ್ವೇಲಿ ಬಿಳೀ ಜರ್ದಾ ಇಟ್ ನೋಡು, ಗಂಡಿನ್ ಕಡೆಯೋರು ತಪ್ಪಲೆ ಒದ್ಬುಟ್ ಓಯ್ತಾರೆ."

"ಜರ್ದಾ ಮೇಲೆ ನೀವೇನೂ ಚೀಟಿ ಅಂಟಿಸಲ್ಲ. ಬಣ್ಣ ಆಕೋದು ಎಲ್ರಿಗೂ ಗೊತ್ತು. ಇದು ಅಂಗಲ್ಲ!"

ಆಗ ಅವರ ಕೈ ನಿಂತಿತು.

"ನೀನ್ ಇಲ್ಲಿ ಒಲೆ ಮುಂದೆ ಥರ್ಮಾಮೀಟ್ರು ಇಡ್ಕೊಂಡು ಕೂತಿರ್ತೀಯ. ಬೀದಿ ಬೀದೀಲಿ ಅನ್ನಿಸ್ಕೊಳೋನು ನಾನು. ಆ ಕಾಲೇಜಿನ ಅಟೆಂಡರು ನರಸಯ್ಯ ದಿನಾ ಕೇಳ್ತಾನೆ, 'ಏನ್ ಸಾಬ್ರೇ, ಇವತ್ತು ಯಾವ್ ಕೆರೆ ಪಾಚಿ ತಂದ್ರಿ?' ಸ್ಟಾಫ್ ರೂಮೇ ನಗ್ತದೆ. ನಾನೂ ನಗ್ಬೇಕು. ನನ್ ಕೈಯಿಂದ ಓದ ಊಟಕ್ಕೆ ಇಲ್ಲೀಗಂಟ ಒಬ್ಬ ಒಂದ್ ಮಾತ್ ಅಂದಿಲ್ಲ ಕಣಮ್ಮ. ನಿನ್ ಬಾಟ್ಲಿಗೆ ಅನ್ನಿಸ್ಕೊಂಡೆ. ನಿಂಗ್ ಏಳ್ಲಿಲ್ಲ."

ನನ್ನ ಕೋಪಕ್ಕೆ ಕಾಲು ಊರಲು ಜಾಗವಿಲ್ಲದಂತಾಯಿತು. ಆದರೆ ಅದು ಇಳಿಯಲಿಲ್ಲ, ದಿಕ್ಕು ಬದಲಿಸಿತು. ದಿನವೂ ನಗುತ್ತಿದ್ದ ಆ ಕೋಣೆಯಲ್ಲಿ ಮೇಡಂ ಕೂಡ ಇದ್ದರಲ್ಲ! ಎಲೆಯ ಹಸಿರು ಏನೆಂದು ಮಕ್ಕಳಿಗೆ ಪಾಠ ಹೇಳುವವರು. ಒಬ್ಬರಾದರೂ ಬಾಯಿಬಿಟ್ಟು, ಅದು ಹಾಗೆಯೇ ಇರುತ್ತದೆ ಎನ್ನಬಾರದಿತ್ತೇ?

ಮರುದಿನ ಬೆಳಿಗ್ಗೆ ಎರಡು ಬಾಟಲಿ ಹಿಡಿದು ನಾನೇ ಕಾಲೇಜಿಗೆ ಹೋದೆ. ಒಂದು ನನ್ನದು. ಇನ್ನೊಂದಕ್ಕೆ ಅಬ್ಬಾ ಹಾಕುತ್ತಿದ್ದ ಬಣ್ಣ ಹಾಕಿದ್ದೆ. ಮೇಡಂ ಮೇಜಿನ ಮೇಲೆ ಎರಡನ್ನೂ ಇಟ್ಟು ಆದದ್ದನ್ನೆಲ್ಲ ಹೇಳಿದೆ. ಈಚೆಗೆ ನೀವು ಕುಡಿದದ್ದು ಬಣ್ಣ, ಚೀಟಿಯ ಮೇಲಿದ್ದದ್ದು ಸುಳ್ಳು, ತಪ್ಪು ನಮ್ಮದು ಎಂದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದೆ.

ಮೇಡಂ ಎರಡೂ ಬಾಟಲಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. "ವಿಷ ಏನಲ್ವಲ್ಲ?"

"ಅಲ್ಲ ಮೇಡಂ. ಅಡುಗೆಗೆ ಹಾಕೋ ಬಣ್ಣ."

"ಮತ್ತೆ? ಒಳ್ಳೇದೇ ಮಾಡಿದಾರಲ್ಲ ನಿಮ್ಮ ತಂದೆ! ನಿಶ್ಚಿತಾರ್ಥಕ್ಕೂ ಇದನ್ನೇ ಮಾಡ್ಬಿಡು. ಫೋಟೋದಲ್ಲೂ ಚೆನ್ನಾಗಿ ಬರುತ್ತೆ."

"ಚೀಟಿಯಲ್ಲಿ ಬಣ್ಣ ಸೇರಿಸಿಲ್ಲ ಅಂತ ಇದೆ."

"ಇರ್ಲಿ ಬಿಡಮ್ಮ. ಅದನ್ನ ನೋಡಿದ್ರೂ ಜನಕ್ಕೆ ಖುಷೀನೇ."

ನನ್ನ ಮಾಚಾ ಅವರಿಗೆ ಬೇಡವಾಗಿತ್ತು. 'ಬಣ್ಣ ಸೇರಿಸಿಲ್ಲ' ಎಂಬ ನನ್ನ ಅಕ್ಷರ ಬೇಕಾಗಿತ್ತು, ಅದೂ ಬಣ್ಣದ ಮೇಲೆ ಅಂಟಿಸಲು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೂ ಆಕೆಗೆ ಏನೂ ಅಡ್ಡಿ ಕಾಣಲಿಲ್ಲ. ಅಬ್ಬಾ ಅವಮಾನ ತಾಳಲಾರದೆ ಬಣ್ಣ ಹಾಕಿದ್ದರು. ಈಕೆಗೆ ಯಾವ ಕಷ್ಟವಿತ್ತು?

"ಆ ಆರ್ಡರ್ ನನಗೆ ಬೇಡ ಮೇಡಂ."

"ಏನೇ ಇದು! ಅಷ್ಟು ದೊಡ್ಡ ಆರ್ಡರು! ಇಷ್ಟಕ್ಕೆಲ್ಲ ಕೋಪ ಮಾಡ್ಕೊಂಡು ವ್ಯಾಪಾರ ಮಾಡಕ್ಕಾಗುತ್ತಾ?"

"ಎಲೆಯ ಹಸಿರು ನೀರಿಗೆ ಬರಲ್ಲ ಅಂತ ಹೇಳಿಕೊಟ್ಟಿದ್ದು ನೀವೇ."

"ಅದು ಪರೀಕ್ಷೆಗೆ ಕಣೆ" ಎಂದು ನಕ್ಕರು. ಪಕ್ಕದ ಮೇಜುಗಳಲ್ಲೂ ನಕ್ಕರು. ಅಬ್ಬಾ ದಿನವೂ ಕೇಳಿಸಿಕೊಂಡ ನಗು ಎಂಥದೆಂದು ಆಗ ತಿಳಿಯಿತು. ಬಣ್ಣದ ಬಾಟಲಿಯನ್ನು ಅಲ್ಲೇ ವಾಷ್ ಬೇಸಿನ್ನಿಗೆ ಸುರಿದೆ. ಬಿಳಿ ಪಿಂಗಾಣಿಯ ಮೇಲೆ ಅದು ನಿಜಕ್ಕೂ ಚೆಂದ ಕಾಣುತ್ತಿತ್ತು.

ಉಳಿದ ಗಿರಾಕಿಗಳಿಗೂ ವಾಟ್ಸಾಪಿನಲ್ಲಿ ಆದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಕೆಲವರು ತರಿಸುವುದನ್ನೇ ಬಿಟ್ಟರು. ಕೆಲವರು ಉತ್ತರವನ್ನೇ ಕೊಡಲಿಲ್ಲ. ಸ್ಟಾಫ್ ರೂಮಿನಲ್ಲಿ ಗಣಿತದ ಪ್ರಜ್ಞ ಮಿಸ್ ಒಬ್ಬರು ಮಾತ್ರ ಉಳಿದರು. ಅದು ಮಂಕಾಗಿದ್ದಾಗಲೂ ಚೆನ್ನಾಗಿಯೇ ಇತ್ತು, ಈಗಲೂ ಬೇಕು ಎಂದರು. ನಗುವಾಗ ಅವರೂ ಅಲ್ಲೇ ಇದ್ದರೋ ಏನೋ, ನಾನು ಕೇಳಲಿಲ್ಲ.

ಮಾರನೆಯ ದಿನ ಮೊಪೆಡ್ಡಿನ ಕೀ ನಾನು ತೆಗೆದುಕೊಂಡೆ. ಅಬ್ಬಾ ಬಾಗಿಲಲ್ಲಿ ನಿಂತು ನೋಡಿದರು. ಕಾಲೇಜಿನ ಗೇಟಿನಲ್ಲಿ ನರಸಯ್ಯ ಸಿಕ್ಕ.

"ಏನವ್ವ, ಸಾಬ್ರು ಬರ್ನಿಲ್ವಾ? ಮತ್ತೆ ಪಾಚೀನೇ ತಂದ್ಯಾ?"

"ಪಾಚೀನೇ ನರಸಯ್ಯ. ಕುಡಿಯಂಗಿದ್ರೆ ಕುಡೀರಿ, ಇಲ್ದಿದ್ರೆ ಬುಡಿ."

ಆತ ಗೇಟು ಸರಿಸಿದ. ಪ್ರಜ್ಞ ಮಿಸ್ಸಿಗೆ ಕೊಟ್ಟು, ಇನ್ನುಳಿದ ಮನೆಗಳನ್ನು ಮುಗಿಸಿ ಬಂದೆ. ಪೆಟ್ಟಿಗೆ ಇಳಿಸುವ ಮೊದಲೇ ಅಬ್ಬಾ ಕೇಳಿದರು:

"ಪಾಚಿ ಅಂದ್ನಾ?"

"ಅಂದ."

"ನೀನೇನಂದೆ?"

"ಹೌದು ಅಂದೆ."

ಅಬ್ಬಾ ಒಂದು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಮಿಕ್ಕಿದ್ದ ಮಾಚಾ ಆಗಲೇ ಕಂದಾಗುತ್ತಿತ್ತು. ಅವರ ಮುಖದಲ್ಲಿ ಅಡುಗೆಯವನ ಸಂಕಟ ಹಾಗೆಯೇ ಇತ್ತು. ಆಮೇಲೆ ಹುಬ್ಬು ಗಂಟಿಕ್ಕಿತು.

"ಹೌದು ಅಂದ್ರೆ ಸಾಕಾ? 'ಇಂಥಾ ಪಾಚಿ ಬೆಳ್ಯಕ್ಕೆ ನಿಮ್ಮೂರ್ ಕೆರೇಲಿ ನೀರೆಲ್ಲೈತ್ಲಾ' ಅನ್ಬೇಕಾಗಿತ್ತು!"