ವಿಠೋಬಾನ ಬಾಯಿರುಚಿ

ಬೆಟಗೇರಿಯ ನೇಕಾರ ಓಣಿಯಲ್ಲಿ ಬನಶಂಕರಿಯ ಮೂಗಿಗೆ ದೊಡ್ಡ ಹೆಸರಿತ್ತು. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಆಕೆ ಬೋಗುಣಿಯ ಆವಿಗೆ ಮುಖ ಒಡ್ಡಿಯೇ ಹೇಳುತ್ತಾಳೆ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಇದು ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಅತ್ತೆಯ ಕಾಟದಿಂದ ಬಂದದ್ದು. ಆ ಮನೆಯಲ್ಲಿ ಒಲೆಯ ಮೇಲೆ ಏನೇ ಬೇಯಲಿ, ಮೊದಲು ದೇವರ ಜಗಲಿಯ ಮೇಲಿನ ದೇವಿಗೆ ಎಡೆ ಹಿಡಿಯಬೇಕು. ಅದಕ್ಕೆ ಮುಂಚೆ ಅಡುಗೆ ಯಾರ ನಾಲಗೆಗೂ ತಾಗುವಂತಿಲ್ಲ, ತಾಗಿದರೆ ಎಂಜಲು. ಎಡೆ ಹಿಡಿದದ್ದೇ ತಡ, ಮಗ್ಗದಿಂದೆದ್ದ ಗಂಡಸರು ತಾಟಿನ ಮುಂದೆ ಕೂತಿರುತ್ತಿದ್ದರು. ರುಚಿ ನೋಡುವುದಕ್ಕೆ ನಡುವೆ ಪುರುಸೊತ್ತಾದರೂ ಎಲ್ಲಿ? ಪಾಪ, ಹೊಸ ಸೊಸೆ ಮೂಗನ್ನೇ ನಾಲಗೆ ಮಾಡಿಕೊಂಡಳು. ಅತ್ತೆ ಹೋಗಿ ಎಷ್ಟೋ ವರ್ಷಗಳಾದರೂ ಪದ್ಧತಿ ಹಾಗೇ ಉಳಿಯಿತು.

ಆ ಮೂಗು ಈಗ ಕೈಕೊಟ್ಟಿತ್ತು.

ಗಂಡ ವಿಠೋಬಾ ಟೈಫಾಯ್ಡ್ ಬಂದು ಮಲಗಿದಾಗ ಆಕೆಗೂ ನೆಗಡಿ ಹಿಡಿಯಿತು. ಅವನ ಜ್ವರ ಬಿಟ್ಟಿತು, ಇವಳ ನೆಗಡಿಯೂ ಹೋಯಿತು. ಆದರೆ ಹೋಗುವಾಗ ನೆಗಡಿ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಊದುಬತ್ತಿ ಹಚ್ಚಿದರೆ ಹೊಗೆ ಕಾಣುತ್ತಿತ್ತು, ಪರಿಮಳವಿಲ್ಲ. ಕಾಫಿಪುಡಿಯ ಡಬ್ಬಿಯಲ್ಲಿ ಮೂಗು ತುರುಕಿ ನೋಡಿದಳು. ಡಬ್ಬಿ ಖಾಲಿ ಇದ್ದಂತೆಯೇ ಇತ್ತು.

ಆಕೆ ಯಾರಿಗೂ ಹೇಳಲಿಲ್ಲ. ಹೇಳಿದರೆ ಅಡುಗೆಮನೆ ಸೊಸೆ ರಂಜನಾಳ ಕೈಗೆ ಹೋಗುತ್ತದೆ. ಗದಗಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡುವ ಆ ಕುರ್ತಕೋಟಿಯ ಹುಡುಗಿ, ಮಾವ ಮಲಗಿದಾಗಿನಿಂದ ಬೆಳಿಗ್ಗೆಯೇ ಎದ್ದು ರೊಟ್ಟಿ ಪಲ್ಯ ಮಾಡಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಮಾವ ಹುಷಾರಾಗುವ ತನಕ ಮಾತ್ರ ಎಂಬ ಮಾತಾಗಿತ್ತು. ರಂಜನಾ ಒಳ್ಳೆಯ ಹುಡುಗಿ, ತೊಂದರೆಯೇ ಅದು. ಕೆಟ್ಟವಳಾಗಿದ್ದರೆ ಜಗಳವಾಡಿಯಾದರೂ ಒಲೆಯನ್ನು ಉಳಿಸಿಕೊಳ್ಳಬಹುದಿತ್ತು. ಒಳ್ಳೆಯವಳು "ನೀವು ಕುಂಡ್ರಿ ಅತ್ತಿ, ನಾ ಮಾಡ್ತೀನಿ" ಅಂದರೆ ಕುಂತಲ್ಲೇ ಮುದುಕಿಯಾಗಬೇಕು. ಅಡುಗೆಮನೆ ಬಿಟ್ಟರೆ ಈ ಮನೆಯಲ್ಲಿ ತನ್ನದು ಅಂತ ಏನಿದೆ? ಮಗ್ಗ ಗಂಡನದು, ಟಿವಿ ಮಗ ಮನೋಹರನದು.

ಡಾಕ್ಟರು ರೋಗಿಗೆ ಮೆತ್ತಗಿನ ಗಂಜಿ ಮತ್ತು ತರಕಾರಿ ಸೂಪ್ ಕೊಡಿ ಎಂದಿದ್ದರು. ಸೂಪ್ ಎಂಬ ಹೆಸರು ಕೇಳಿ ಬನಶಂಕರಿ ಹೆದರಲಿಲ್ಲ. ಸೋಸಿದ ಸಾರು ತಾನೆ! ಸೋರೆಕಾಯಿ, ಗಜ್ಜರಿ, ಎರಡು ಟೊಮ್ಯಾಟೊ, ಒಂದು ಹಿಡಿ ಹೆಸರುಬೇಳೆ ಕುಕ್ಕರಿನಲ್ಲಿ ಬೇಯಿಸಿ, ಕಡೆದು, ಜರಡಿಯಲ್ಲಿ ಸೋಸುವುದು. ತುಪ್ಪದಲ್ಲಿ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಶುಂಠಿ ಹುರಿದು, ಮೆಣಸು ಲವಂಗದ ಪುಡಿ ಹಾಕಿ, ಕೊನೆಗೆ ಚಿಟಿಕೆ ಇಂಗು. ಇಷ್ಟು ವರ್ಷ ಮಾಡಿದ ಕೈಗೆ ಮೂಗಿನ ಹಂಗೇಕೆ ಎಂದುಕೊಂಡಳು.

ಕೈಗೆ ಮೂಗಿನ ಹಂಗಿತ್ತು. ಬೆಳ್ಳುಳ್ಳಿ ಹುರಿಯುವಾಗ ಆಕೆ ಎಂದೂ ಬಾಣಲೆಯನ್ನು ನೋಡಿದವಳೇ ಅಲ್ಲ. ಅತ್ತ ಕೊತ್ತಂಬರಿ ಹೆಚ್ಚುತ್ತ ಇತ್ತ ಘಮ ಬಂದೊಡನೆ ಕೈ ಚಾಚಿ ಇಳಿಸುವುದು ರೂಢಿ. ಈಗ ಘಮಕ್ಕಾಗಿ ಕಾಯುತ್ತ ನಿಂತಳು, ಘಮ ಬರಲಿಲ್ಲ, ಬೆಳ್ಳುಳ್ಳಿ ಕರ್ರಗಾಯಿತು. ಇಂಗಿನದು ಇನ್ನೊಂದು ಕತೆ. ಚಿಟಿಕೆ ಹಾಕಿ ಬಗ್ಗಿ ಮೂಸಿದಳು, ಏನೂ ಇಲ್ಲ. ಹಳೇ ಇಂಗು, ಸತ್ತುಹೋಗಿದೆ ಎಂದು ಇನ್ನೊಂದು ಚಿಟಿಕೆ, ಮನಸ್ಸು ತಡೆಯದೆ ಮತ್ತೊಂದು. ಟೊಮ್ಯಾಟೊದ ಕೆಂಪಿನಲ್ಲಿ ಎಲ್ಲ ಮುಚ್ಚಿಹೋಗಿ, ನೋಡಲು ಮಾತ್ರ ಸೂಪ್ ಬಲು ಚೆಂದವಿತ್ತು.

ಎಡೆ ಹಿಡಿದಳು. ದೇವಿ ಏನೂ ಅನ್ನಲಿಲ್ಲ. ವಿಠೋಬಾನಿಗೆ ಬಟ್ಟಲು ಕೊಟ್ಟಳು. ಅವನು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ, ಆಮೇಲೆ ತಳ ಕಾಣುವ ತನಕ ಕುಡಿದು ಬಟ್ಟಲು ಕೆಳಗಿಟ್ಟ.

"ಹೆಂಗಾಗೇತ್ರಿ?"

"ಚಲೋ ಆಗೇತಿ."

ದಿನಾ ಇದೇ ನಡೆಯಿತು. ಅವಳು ಕೇಳುವಳು, ಅವನು ಚಲೋ ಆಗೇತಿ ಅನ್ನುವನು. ಬೋಗುಣಿಯಲ್ಲಿ ಒಂದು ಹನಿ ಉಳಿಯುತ್ತಿರಲಿಲ್ಲ, ಹಾಗಾಗಿ ಬೇರೆ ಯಾರ ಬಾಯಿಗೂ ಅದು ಬೀಳಲಿಲ್ಲ. ಬನಶಂಕರಿಗೆ ಒಳಗೊಳಗೇ ಹಿಗ್ಗು. ಗಂಡ ಮಾತ್ರ ಹಿಗ್ಗಲಿಲ್ಲ. ಜ್ವರ ಬಿಟ್ಟರೂ ಮಗ್ಗದ ಕಡೆ ಹೊರಳಿ ನೋಡದೆ ಗೋಡೆಗೆ ಒರಗಿ ಕೂತಿರುತ್ತಿದ್ದ. ಮಗ್ಗದ ಮೇಲೆ ಸೀರೆ ಅರ್ಧಕ್ಕೆ ನಿಂತಿತ್ತು.

ಭಾನುವಾರ ರಂಜನಾ ಮನೆಯಲ್ಲಿದ್ದಳು. ಬಟ್ಟೆ ಒಣಹಾಕಲು ಮಾಳಿಗೆಗೆ ಹೊರಟವಳು ಅಡುಗೆಮನೆಯ ಬಾಗಿಲಲ್ಲಿ ಗಕ್ಕನೆ ನಿಂತಳು.

"ಅತ್ತಿ, ಬಳ್ಳೊಳ್ಳಿ ಹೊತ್ತಿದಂಗ ವಾಸನಿ ಬರಾಕತ್ತೇತಿ ನೋಡ್ರಿ."

"ಹೊತ್ತಿಲ್ಲ. ಸೂಪಿಗೆ ಅಷ್ಟು ಕೆಂಪಾಗಬೇಕು," ಎಂದಳು ಬನಶಂಕರಿ, ಸೂಪನ್ನು ಹುಟ್ಟಿನಿಂದ ಬಲ್ಲವಳ ಹಾಗೆ. "ನೀ ಹೋಗು, ಬಟ್ಟಿ ಒಣಹಾಕು."

ರಂಜನಾ ಹೋದಳು. ಬನಶಂಕರಿ ಎಡೆಗೆಂದು ಬಟ್ಟಲು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಪಡಸಾಲೆಯಿಂದ ಮಾತು ಕೇಳಿಸಿತು. ಪಕ್ಕದ ಮನೆಯ ನೇಕಾರ ದುರ್ಗೇಶ ಬಂದಿದ್ದ. ಅವನನ್ನು ವಿಠೋಬಾನೇ ಕರೆಸಿದ್ದ.

"ಮಗ್ಗದ ಮ್ಯಾಲಿನ ಸೀರಿ ನೀನ ನೇದು ಮುಗಸು, ತಮ್ಮಾ. ಆಮ್ಯಾಲ ಮಗ್ಗಾನೂ ಬಿಚ್ಕೊಂಡು ಒಯ್ಯಿ. ನನ್ನ ಕೈಲಿ ಇನ್ನ ಆಗೂದಿಲ್ಲ."

"ಯಾಕ ಕಾಕಾ? ಡಾಕ್ಟರ್ರು ಆರಾಮ ಆಗೇತಿ ಅಂದಾರಲ್ಲ?"

"ಡಾಕ್ಟರಗೇನು ಗೊತ್ತು? ನನ್ನ ಬಾಯಿ ನನಗ ಹೇಳತೈತಿ. ನಿಮ್ಮ ಕಾಕು ದಿನಾ ಸೂಪ್ ಮಾಡಿ ಕೊಡ್ತಾಳ. ಖರೆ ಹೇಳ್ತೀನಿ, ಬೇವಿನ ರಸ ಕುಡದಂಗ ಹತ್ತತೈತಿ. ಗಂಜಿಗಾದ್ರ ರುಚೀನ ಇರೂದಿಲ್ಲ, ಬಿಡು. ಆದ್ರ ಆಕಿ ಕೈಯಾಗಿಂದು ಕಹಿ ಹತ್ತಾಕತ್ತಿತು ಅಂದ್ರ ಜಡ್ಡು ಹೋಗಿಲ್ಲ, ಒಳಗ ಕುಂತೈತಿ. ಆಕಿ ಮುಂದ ಅನಬ್ಯಾಡ ಮತ್ತ. ಬ್ಯಾಸರ ಮಾಡ್ಕೊಂತಾಳ."

ಬನಶಂಕರಿ ಬಟ್ಟಲು ಹಿಡಿದುಕೊಂಡೇ ನಿಂತಳು. ಕಹಿ? ತನ್ನ ಸೂಪೇ? ಆಮೇಲೆ ಆಕೆ ಮಾಡಿದ ಕೆಲಸವನ್ನು ಅತ್ತೆ ಕಂಡಿದ್ದರೆ ಮನೆ ಬಿಟ್ಟು ಓಡಿಸುತ್ತಿದ್ದಳು. ಎಡೆಗೆ ಮುಂಚೆಯೇ ಬೋಗುಣಿಗೆ ಚಮಚ ಅದ್ದಿ ಬಾಯಿಗೆ ಹಾಕಿಕೊಂಡಳು.

ಮೂಗು ಸತ್ತಿದ್ದರೂ ನಾಲಗೆ ಸತ್ತಿರಲಿಲ್ಲ. ಸುಟ್ಟ ಬೆಳ್ಳುಳ್ಳಿ, ಮೇಲೆ ಇಂಗಿನ ಕಹಿ, ಗಂಟಲಲ್ಲಿ ಇಳಿಯಲಾರದೆ ನಿಂತುಕೊಂಡಿತು. ಬಚ್ಚಲಿಗೆ ಹೋಗಿ ಉಗುಳಿ ಬಂದಳು. ಒಂದು ಚಮಚವನ್ನು ತಾನು ನುಂಗಲಾರಳು, ಅವನು ದಿನಾ ಬಟ್ಟಲು ತುಂಬ ಕುಡಿದಿದ್ದ!

ಆಕೆಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಈ ಗಂಡಸಿಗೆ ಒಂದು ಮಾತು ಆಡಲು ಏನಾಗಿತ್ತು? ಆಮೇಲೆ ಸಿಟ್ಟು ತಿರುಗಿ ತನ್ನ ಮೇಲೆಯೇ ಬಂತು. ಹಾಗಾದರೆ ನಿನಗೇನಾಗಿತ್ತು? ಸುಮ್ಮನಿರುವುದಾದರೆ ದಾರಿ ಸುಲಭವಿತ್ತು. ನಾಳೆಯಿಂದ ಬಾಣಲೆಯನ್ನು ಕಣ್ಣಾರೆ ನೋಡಿ ಹುರಿಯಬಹುದು, ಇಂಗಿನ ಡಬ್ಬಿ ಮುಟ್ಟದಿದ್ದರಾಯಿತು. ಯಾರಿಗೂ ತಿಳಿಯುವುದಿಲ್ಲ. ಆದರೆ ಅಷ್ಟರಲ್ಲಿ ದುರ್ಗೇಶ ಮಗ್ಗ ಬಿಚ್ಚಿಕೊಂಡು ಹೋಗಿರುತ್ತಾನೆ. ಮಗ್ಗ ಹೋದ ಮೇಲೆ ಆ ಮನುಷ್ಯ ಗೋಡೆ ಬಿಟ್ಟು ಏಳುವುದಿಲ್ಲ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು.

ಬೋಗುಣಿಯನ್ನೇ ಎತ್ತಿಕೊಂಡು ಪಡಸಾಲೆಗೆ ಬಂದು ಇಬ್ಬರ ನಡುವೆ ಕುಕ್ಕಿದಳು. ದುರ್ಗೇಶ ಬೋಗುಣಿಯ ವಾಸನೆಗೆ ಮುಖ ಹಿಂದೆ ಸರಿಸಿದ್ದನ್ನು ಕಂಡಳು.

"ಕೆಟ್ಟಿದ್ದು ನಿಮ್ಮ ಬಾಯಿ ಅಲ್ಲರಿ. ಸೂಪ್ ಕೆಟ್ಟೈತಿ. ನನಗ ನೆಗಡಿ ಆದಾಗಿಂದ ಯಾವ ವಾಸನೀನೂ ಬರೂದಿಲ್ಲ. ಬಳ್ಳೊಳ್ಳಿ ಸುಟ್ಟು ಹಾಕೀನಿ, ಇಂಗು ಸುರದೀನಿ. ಗೊತ್ತಾಗಲಿಲ್ಲ."

ವಿಠೋಬಾ ಬೋಗುಣಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಮತ್ತ ಹೇಳಬಾರದಿತ್ತೇನು?"

"ಹೇಳಿದ್ರ ಒಲಿ ಮುಂದಿಂದ ಎಬ್ಬಸ್ತಿದ್ರಿ. ಆಮ್ಯಾಲ ನಾ ಈ ಮನ್ಯಾಗ ಎಲ್ಲಿ ಕುಂಡ್ರಲಿ?" ಅಂದಳು. ಬಾಗಿಲಲ್ಲಿ ಖಾಲಿ ಬಕೀಟು ಹಿಡಿದು ರಂಜನಾ ನಿಂತದ್ದು ಆಗ ಕಣ್ಣಿಗೆ ಬಿತ್ತು. ಕೇಳಿದ್ದರೆ ಕೇಳಿರಲಿ, ಆಡಿದ ಮಾತು ಆಡಿಯಾಗಿತ್ತು.

"ಅಂದ್ರ ನನ್ನ ಬಾಯಿ ನೆಟ್ಟಗೈತಿ?" ಎಂದ ವಿಠೋಬಾ.

"ಐತಿ."

"ಜಡ್ಡು ಹೋಗೇತಿ?"

"ಎಂದೋ ಹೋಗೇತಿ."

ವಿಠೋಬಾ ಗೋಡೆ ಬಿಟ್ಟು ನೆಟ್ಟಗೆ ಕೂತ. "ದುರ್ಗೇಶ, ನೀ ಹೊಂಟೀಯಲ್ಲ? ಹೋಗಿ ಬಾ. ಮಗ್ಗಕ್ಕ ಕೈ ಹಚ್ಚಬ್ಯಾಡ." ಕರೆದವನೇ ಕಳಿಸುತ್ತಿರುವುದಕ್ಕೆ ದುರ್ಗೇಶ ನಕ್ಕು ಚಪ್ಪಲಿ ಮೆಟ್ಟಿದ.

ರಂಜನಾ ಬೋಗುಣಿ ಎತ್ತಿಕೊಂಡು ಹೋಗಿ ಚೆಲ್ಲಿ, ತಿಕ್ಕಿ ತಂದು ಒಲೆಯ ಮೇಲಿಟ್ಟಳು. ಇನ್ನು "ನೀವು ಕುಂಡ್ರಿ ಅತ್ತಿ" ಎಂಬ ಆ ಮಾತು ಬಂತು ಎಂದು ಬನಶಂಕರಿ ಎದೆ ಗಟ್ಟಿ ಮಾಡಿಕೊಂಡಳು. ಆದರೆ ಸೊಸೆ ಮಣೆಯನ್ನು ಒಲೆಯ ಹತ್ತಿರಕ್ಕೆ ತಂದಿಟ್ಟು, "ಮೆಣಸು ಎಷ್ಟು, ಲವಂಗ ಎಷ್ಟು, ನನಗೇನು ಗೊತ್ತೈತ್ರಿ ಅತ್ತಿ? ನೀವು ಹೇಳ್ರಿ, ನಾ ಮೂಸಿ ನೋಡ್ತೀನಿ," ಅಂದಳು. ಒಳ್ಳೆಯವಳು ಎಂಬ ತೊಂದರೆ ಈ ಹುಡುಗಿಯನ್ನು ಬಿಡುವ ಹಾಗೆ ಕಾಣಲಿಲ್ಲ.

ಬೆಳ್ಳುಳ್ಳಿ ಘಮಗುಟ್ಟಿದೊಡನೆ ರಂಜನಾ ಹೇಳಿದಳು, ಬನಶಂಕರಿ ಇಳಿಸಿದಳು. ಮೊದಲ ಚಮಚ ಎಡೆಗೆ ತೆಗೆದಿಟ್ಟರು. ಬಟ್ಟಲು ವಿಠೋಬಾನ ಕೈಗೆ ಹೋಯಿತು. ಅವನು ಒಂದು ಗುಟುಕು ಕುಡಿದು ತುಟಿ ಚಪ್ಪರಿಸಿದ.

"ಮೆಣಸು ಜರಾ ಮುಂದಾಗೇತಿ. ಉಪ್ಪೂ ಕಡಿಮಿ. ಟೊಮ್ಯಾಟೊ ಯಾಕ ಇಷ್ಟು ಹಾಕೀರಿ?"

ಬನಶಂಕರಿಗೆ ತಡೆಯಲಾಗಲಿಲ್ಲ. "ಕಹಿ ಇದ್ದಾಗ ಬಾಯಿ ಮುಚ್ಕೊಂಡು ತಳ ಕಾಣಿಸಿದ್ರಿ. ಈಗ ಚಲೋ ಆಗಿದ್ದಕ್ಕ ಹೆಸರಿಡ್ತೀರಲ್ಲ, ಏನನಬೇಕು ನಿಮಗ?"

"ಆಗ ನೀ ಒಬ್ಬಾಕಿನ ಮಾಡಿದ್ದಿ," ಎಂದ ವಿಠೋಬಾ, ಬಟ್ಟಲಿನಿಂದ ತಲೆ ಎತ್ತದೆ. "ಅದಕ್ಕ ಹೆಂಗ ಹೆಸರಿಡಲಿ?"