ಹುತ್ತದ ಮಣ್ಣಿನ ಕೋಳಿ

ಬಾಯಿ ಬಿಟ್ಟ ಮಾತು ಬೆಟ್ಟದಿಂದ ಉರುಳಿದ ಗುಂಡುಕಲ್ಲಿನಂತೆ. ಯಾರ ಹೊಲಕ್ಕೆ ಬೀಳುತ್ತದೋ ಉರುಳಿಸಿದವನಿಗೂ ತಿಳಿಯದು. ಮುನೇಶ್ ಮೇಷ್ಟ್ರು ಆವತ್ತು ಆಡಿದ್ದೂ ಅಂಥದೇ ಒಂದು ಮಾತು.

ಮೇಷ್ಟ್ರು ಬಂಗಾರಪೇಟೆ ಕಡೆಯ ಹಳ್ಳಿಯವರು. ಬೆಳಗಿನ ರೈಲಿಗೆ ಬಂದು ಉರಿಗಾಂ ಸ್ಟೇಷನ್ನಿನಲ್ಲಿ ಇಳಿದು, ಕಾಲುದಾರಿ ಹಿಡಿದು, ಊರಾಚೆಯ ಸರ್ಕಾರಿ ಶಾಲೆಗೆ ನಡೆದು ಬರುವವರು. ಹಣೆಗೆ ವಿಭೂತಿ ಇಡದೆ ಹೊಸ್ತಿಲು ದಾಟಿದವರಲ್ಲ. ಶನಿವಾರದ ಕೊನೆಯ ಪೀರಿಯಡ್ಡು ಕೈಕೆಲಸದ್ದು. ತೆಂಗಿನ ಗರಿಯ ಗಿಳಿ, ಕಾಗದದ ದೋಣಿ ಎಲ್ಲ ಆದ ಮೇಲೆ, ಬರೋ ವಾರ ಮಣ್ಣಿನ ಬೊಂಬೆ ಮಾಡೋಣ ಎಂದರು. ಎಂಥ ಮಣ್ಣು ಸಾರ್ ಎಂದು ಮಕ್ಕಳು ಕೇಳಿದವು.

"ಹುತ್ತದ ಮಣ್ಣು ಸಿಕ್ಕರೆ ತನ್ನಿ. ಅದರಷ್ಟು ನುಣುಪು ಇನ್ಯಾವುದೂ ಇಲ್ಲ" ಅಂದುಬಿಟ್ಟರು.

ಮಾತು ನಿಜವೇ. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಮದುವೆಯೆಂದರೆ ಮೊದಲು ಹುತ್ತದ ಮಣ್ಣು ಬರಬೇಕು. ಆದರೆ ತರುವ ಮುಂಚೆ ಹುತ್ತಕ್ಕೆ ಅರಿಶಿನ ಕುಂಕುಮ ಇಟ್ಟು, ಕೈಮುಗಿದು, "ಕೊಡಪ್ಪ" ಎಂದು ಕೇಳಬೇಕು. ಆಮೇಲೂ ಸುತ್ತ ಉದುರಿದ್ದನ್ನು ಬಾಚಿಕೊಳ್ಳಬೇಕೇ ಹೊರತು ಹುತ್ತಕ್ಕೆ ಕೈಹಾಕುವಂತಿಲ್ಲ. ಇದೆಲ್ಲ ಮೇಷ್ಟ್ರಿಗೆ ಗೊತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು, ರೈಲಿನ ಹೊತ್ತಾಗಿತ್ತು. ಅರ್ಧ ಮಾತು ಗಂಟಲಲ್ಲೇ ಉಳಿಯಿತು.

ಮುಂದಿನ ಶನಿವಾರ ಎಲ್ಲರೂ ಕೆರೆ ಮಣ್ಣು ತಂದರೆ, ಮೂರನೇ ಕ್ಲಾಸಿನ ಭಾನುಪ್ರಿಯ ಕವರಿನಲ್ಲಿ ಕೆಂಪನೆಯ, ಹಿಟ್ಟಿನಂಥ ಮಣ್ಣು ತಂದಿದ್ದಳು. ಅದರಲ್ಲಿ ಒಂದು ಹೇಂಟೆ ಕೋಳಿ ಮಾಡಿದಳು, ರೆಕ್ಕೆಯ ಕೆಳಗಿಂದ ಮರಿಗಳು ಇಣುಕುವ ಹಾಗೆ. ಮೇಷ್ಟ್ರು ಮೆಚ್ಚಿ ಕಿಟಕಿಯಲ್ಲಿ ಇಟ್ಟರು. ಎಲ್ಲಿಯ ಮಣ್ಣೆಂದು ಕೇಳಲಿಲ್ಲ.

ಸೋಮವಾರ ಅವಳ ಅಜ್ಜಿ ಚಿಕ್ಕಮುನಿಯಮ್ಮ ಬಂದಳು. ಚಪ್ಪಲಿ ಹೊರಗೇ ಬಿಟ್ಟು ಬಾಗಿಲಲ್ಲಿ ನಿಂತಳು. ಸೆರಗಿನಲ್ಲಿ ಹುತ್ತದ ತಲೆಯಿಂದ ಮುರಿದ ಒಂದು ಮಣ್ಣುಗಟ್ಟಿ. ಅವರ ಹೊಲದ ಬದುವಿನ ಬೇವಿನ ಮರದಡಿ ಇರುವ ಹುತ್ತ ಅದು. ಅವಳ ಅತ್ತೆಯ ಅತ್ತೆಯೂ ಅದಕ್ಕೇ ಹಾಲೆರೆದವಳು. ಈಗ ಮೇಲ್ಭಾಗ ಮುರಿದು ಬಿದ್ದಿತ್ತು.

"ಮೇಷ್ಟ್ರು ಯೋಳಿದ್ರು ಅಂತೈತೆ ಈ ಮಗ. ನೀವೇನಾ ಸಾಮಿ?"

ಪಕ್ಕದ ಕೋಣೆಯಲ್ಲಿ ಹೆಡ್ ಮಿಸ್ಸು ಕಲ್ಪನ ಪಾಠ ನಿಲ್ಲಿಸಿದ್ದು ಕೇಳಿಸಿತು. ಹಾವಿರುವ ಕಡೆಗೆ ಮಕ್ಕಳನ್ನು ಅಟ್ಟಿದ ಮೇಷ್ಟ್ರು ಎಂದು ಊರು ಆಡಿಕೊಳ್ಳುವುದೂ ಮೇಷ್ಟ್ರಿಗೆ ಕೇಳಿಸಿದಂತಾಯಿತು.

"ನಾನು ಕೆರೆ ಮಣ್ಣು ಅಂದಿದ್ದೆ ಅಜ್ಜಿ. ಮಕ್ಕಳು, ಏನೋ ಕೇಳಿಸ್ಕೊಂಡಿರ್ತಾರೆ."

ಹಿಂದಿನ ಸಾಲಿನಲ್ಲಿ ಯಾವುದೋ ಮಗು "ಸಾರ್ ದಾನೇ...", ಸಾರೇ ತಾನೇ, ಎಂದು ತಮಿಳಿನಲ್ಲಿ ಶುರುಮಾಡಿತು, ಪಕ್ಕದ್ದು ಮೊಣಕೈಯಲ್ಲಿ ತಿವಿಯಿತು. ಭಾನುಪ್ರಿಯ ಮೇಷ್ಟ್ರ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

"ನಂಗೇ ತಪ್ಪಾಗ್ ಕೇಳಿಸ್ತು ಕಣಜ್ಜಿ."

ಚಿಕ್ಕಮುನಿಯಮ್ಮ ಕೆನ್ನೆ ಬಡಿದುಕೊಂಡಳು. ತಿಳಿಯದೆ ನಿಮ್ಮ ಮೇಲೆ ಹೊರಿಸಿಬಿಟ್ಟೆ, ಮನಸ್ಸಿಗೆ ಹಾಕ್ಕೋಬೇಡಿ ಸಾಮಿ ಎಂದು ಮೇಷ್ಟ್ರಿಗೇ ಕೈಮುಗಿದು ಹೋದಳು. ಮುಗಿದ ಆ ಕೈ ಅವರ ಎದೆಯ ಮೇಲೆ ಕೆಂಡವಾಗಿ ಕೂತಿತು.

ಮರುದಿನ ಬೆಳಿಗ್ಗೆ ಕಾಲುದಾರಿಯಲ್ಲಿ ಬರುವಾಗ ಕಂಡದ್ದು ಅದಕ್ಕಿಂತ ಹೆಚ್ಚು ಸುಟ್ಟಿತು. ತಲೆಗೆ ತಣ್ಣೀರು ಹುಯ್ಯಿಸಿಕೊಂಡ ಭಾನುಪ್ರಿಯ, ಒದ್ದೆ ಲಂಗದಲ್ಲಿ, ಹಲ್ಲು ಕಟಕಟಿಸುತ್ತ ಹುತ್ತ ಸುತ್ತುತ್ತಿದ್ದಳು. ಮಾಡಿದ ಪಾಪ ಒಬ್ಬರದು, ಪ್ರದಕ್ಷಿಣೆ ಇನ್ನೊಬ್ಬರದು. ಮೇಷ್ಟ್ರು ಹೊಂಗೆ ಮರದ ಹಿಂದೆ ಸರಿದು ನಿಂತರು. ದೊಡ್ಡ ಮನುಷ್ಯ, ಎಂಟು ವರ್ಷದ ಮಗುವಿಗೆ ಹೆದರಿ ಅಡಗಿದ್ದ.

ಸಂಜೆ ಯಾರೂ ಇಲ್ಲದ್ದು ನೋಡಿ ಹುತ್ತದ ಬಳಿಗೆ ಹೋದರು. ಹಾಲೆರೆದು, ಮಂಡಿಯೂರಿ, ನಡೆದದ್ದನ್ನೆಲ್ಲ ಬಾಯಿಬಿಟ್ಟು ನಾಗಪ್ಪನಿಗೆ ಒಪ್ಪಿಸಿದರು. ಒಪ್ಪಿಸಿದ ಮೇಲೆ ಎದೆ ಹಗುರಾಯಿತು ಅನಿಸಿತು. ಎದ್ದು ತಿರುಗಿದರೆ, ಡೈರಿಗೆ ಹಾಲು ಹಾಕಿ ಬರುತ್ತಿದ್ದ ಚಿಕ್ಕಮುನಿಯಮ್ಮ ಬರಿ ಕ್ಯಾನು ಹಿಡಿದು ನಿಂತಿದ್ದಾಳೆ. ಎಲ್ಲ ಕೇಳಿದ್ದಳು. ಬೈಯಲಿಲ್ಲ.

"ನಾಗರಾವಿಗೆ ಕಿವಿ ಇಲ್ಲ ಅಂತಾರೆ ಮೇಷ್ಟ್ರೆ" ಅಂದಳು. "ಕಿವಿ ಇರೋ ಮಗ ಒಂದೈತೆ ನಮ್ಮನೇಲಿ."

ಅಷ್ಟೇ ಹೇಳಿ ಮನೆ ಕಡೆ ನಡೆದಳು.

ಬೆಳಗಾಯಿತು. ಪ್ರಾರ್ಥನೆ ಮುಗಿದು ಮಕ್ಕಳು ಕೂತವು. ರೈಲಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮೇಷ್ಟ್ರ ನಾಲಿಗೆಯ ಮೇಲೇ ಆರಿಹೋಗಿತ್ತು.

"ಹುತ್ತದ ಮಣ್ಣು ತನ್ನಿ ಅಂದೋನು ನಾನು. ಕೇಳಿ ತಗೋಬೇಕು ಅನ್ನೋದನ್ನ ಹೇಳಲಿಲ್ಲ. ಅಜ್ಜಿ ಕೇಳಿದಾಗ ಸುಳ್ಳಾಡಿದೆ. ಭಾನು ಅದನ್ನ ತನ್ನ ಮೇಲೆ ಹಾಕ್ಕೊಂಡ್ಳು. ತಪ್ಪಾಯ್ತು ಕಣಮ್ಮ."

ಮಕ್ಕಳು ಬೆಚ್ಚಿಬೀಳುತ್ತವೆ ಎಂದುಕೊಂಡಿದ್ದರು. ಯಾರೂ ಬೆಚ್ಚಲಿಲ್ಲ.

"ಗೊತ್ತು ಸಾರ್" ಅಂದಿತು ಹಿಂದಿನ ಸಾಲು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಕಾಣದೆ ಇದ್ದದ್ದು ಅವರೊಬ್ಬರಿಗೇ. ಶಾಲೆ ಬಿಟ್ಟಾಗ ಭಾನುಪ್ರಿಯ ಕಿಟಕಿಯಲ್ಲಿದ್ದ ಹೇಂಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ನೀರಲ್ಲಿ ಕರಗಿಸಿ ಹುತ್ತದ ಬುಡಕ್ಕೇ ಹುಯ್ಯಬೇಕೆಂದು ಅಜ್ಜಿ ಹೇಳಿದ್ದಾಳೆ ಎಂದಳು.

ಶನಿವಾರ ಮೇಷ್ಟ್ರೇ ತಮ್ಮೂರ ಕೆರೆಯಿಂದ ಬಿದಿರ ಮಂಕರಿಯಲ್ಲಿ ಮಣ್ಣು ತಂದರು. ಮಕ್ಕಳು ಮುತ್ತಿಕೊಂಡವು. ಭಾನುಪ್ರಿಯ ಮಾತ್ರ ಕೈ ಕಟ್ಟಿ ಕೂತೇ ಇದ್ದಳು.

"ಈ ಮಣ್ಣ ಕೇಳಿ ತಂದ್ರಾ ಸಾರ್?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಕೆರೆ ಬಂದು ಸಾಕ್ಷಿ ನುಡಿಯುತ್ತದೆಯೇ?

"ಇಲ್ಲಮ್ಮ" ಎಂದರು. "ಕೇಳಲಿಲ್ಲ."

ಅವಳು ಅವರನ್ನೇ ನೋಡಿದಳು, ಅಜ್ಜಿ ಬಂದ ದಿನ ನೋಡಿದ ಹಾಗೆಯೇ. ಆಮೇಲೆ ಎದ್ದು ಬಂದು, ಮಂಕರಿಯ ಮುಂದೆ ಕೂತು ಕೈಮುಗಿದಳು. ಉಳಿದ ಮಕ್ಕಳೂ ಮುಗಿದವು. ಕೊನೆಗೆ ಮೇಷ್ಟ್ರು.

ಭಾನುಪ್ರಿಯ ಒಂದು ಮುದ್ದೆ ಕಿತ್ತುಕೊಂಡು ನಾದತೊಡಗಿದಳು. ಮೇಷ್ಟ್ರಿಗೆ ಮಾತ್ರ ಆ ಮಣ್ಣಿಗೆ ಕೈಯಿಡಲು ಇನ್ನೂ ಧೈರ್ಯ ಬಂದಿರಲಿಲ್ಲ.